ಚೀಲದ ಬೆನ್ನು ಓದುವ ಬಾಲಮ್ಮ

ಬೆಳಗಿನ ಐದೂವರೆ. ಶಹಾಪುರದ ಮಲಗಿದ ಬುದ್ಧನ ಗುಡ್ಡದ ಮೂಗಿನ ಮೇಲೆ ಈಗಷ್ಟೇ ಬೆಳಕು ಬಿದ್ದಿದೆ. ಹಂಪಣ್ಣ ಸಾಹುಕಾರರ ದನದ ದಾಣಿ ಅಂಗಡಿಯ ಹಿಂದೆ, ತಗಡಿನ ಚಪ್ಪರದ ಕೆಳಗೆ, ಬಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇಪ್ಪತ್ತು ಕಿಲೋ ತೂಕದ ನಾಯಿ ಆಹಾರದ ಚೀಲವೊಂದನ್ನು ತಬ್ಬಿ ತಿರುಗಿಸುತ್ತಿದ್ದಾರೆ. ಚೀಲದ ಮುಂಭಾಗದಲ್ಲಿ ನಾಯಿಯೊಂದು ನಾಲಿಗೆ ಚಾಚಿ ನಗುತ್ತಿದೆ, ಪಕ್ಕದಲ್ಲಿ ಕೆಂಪಗೆ ಹುರಿದ ಕೋಳಿ ತೊಡೆ. ಬಾಲಮ್ಮ ಆ ನಗುವ ನಾಯಿಯ ಮೂತಿಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾರೆ. ಹೀಗೆ ಹದಿನಾಲ್ಕು ಚೀಲ. ಅಂಗಡಿ ತೆರೆಯುವ ಹೊತ್ತಿಗೆ ಗಿರಾಕಿಗೆ ಕಾಣುವುದು ಒಳಗೇನಿದೆ ಎಂಬ ಸಣ್ಣಕ್ಷರದ ಪಟ್ಟಿ ಇರುವ ಚೀಲದ ಬೆನ್ನು ಮಾತ್ರ.

"ಚಿತ್ರ ನಾಯಿಗಿ ತಿನ್ನಾಕ ಬರಂಗಿಲ್ರಿ" ಎನ್ನುತ್ತಾರೆ ಐವತ್ತೆರಡರ ಬಾಲಮ್ಮ. "ಹಿಂದ ಏನು ಬರದಾರ ಅದನ್ನ ತಿಂತದ. ಅದಕ ಹಿಂದಿಂದ ಮುಂದ ಮಾಡೀನಿ."

ಕಂಪನಿಯ ಸೇಲ್ಸಿನವನು ತಿಂಗಳಿಗೊಮ್ಮೆ ಬಂದು ಚೀಲಗಳ ಮುಖವನ್ನು ಮತ್ತೆ ಬೀದಿಯ ಕಡೆ ಮಾಡಿ ಹೋಗುತ್ತಾನೆ. ಅವನ ಬೈಕು ಮೂಲೆ ದಾಟುವುದರೊಳಗೆ ಇವರು ಅವನ್ನೆಲ್ಲ ತಿರುಗಿಸಿ ಮುಗಿಸಿರುತ್ತಾರೆ. ಐದು ವರ್ಷದಿಂದ ಈ ಕುಸ್ತಿ ನಡೆದಿದೆ. ಸೋತವರು ಯಾರೆಂದು ಚೀಲಗಳನ್ನು ನೋಡಿದರೆ ತಿಳಿಯುತ್ತದೆ.

ಬಾಲಮ್ಮ ಈ ಅಂಗಡಿಗೆ ಬಂದು ಹತ್ತೊಂಬತ್ತು ವರ್ಷ. ಕಸ ಗುಡಿಸಲು, ಹರಿದ ಗೋಣಿ ಹೊಲಿಯಲು ಬಂದವರು. ಅಂಗಡಿಯ ಮಾಲೀಕ ಹಂಪಣ್ಣನವರದು ಮೂರು ತಲೆಮಾರಿನಿಂದ ಹಿಂಡಿ, ಹೊಟ್ಟು ಮಾರುತ್ತ ಬಂದ ಮನೆತನ. ಕೊರಳಲ್ಲಿ ಲಿಂಗ, ಹಣದ ಗಲ್ಲೆಯ ಮೇಲೆ ಬಸವಣ್ಣನ ಪಟ. ಕಾಲುವೆ ಬಂದು, ಭೀಮರಾಯನಗುಡಿಯ ನೀರಾವರಿ ಕ್ವಾರ್ಟರ್ಸಿನಲ್ಲಿ ದೊಡ್ಡ ದೊಡ್ಡ ನಾಯಿ ಸಾಕುವವರು ಹೆಚ್ಚಿದ ಮೇಲೆ, ಅವರೆಲ್ಲ ನಾಯಿಯ ಒಣ ಆಹಾರ ಕೇಳತೊಡಗಿದರು. ವ್ಯಾಪಾರ ಬಿಡಲು ಹಂಪಣ್ಣನವರಿಗೆ ಮನಸ್ಸಿಲ್ಲ, ಮಾಂಸವಿರುವ ಚೀಲವನ್ನು ಒಳಗೆ ತರಲೂ ಮನಸ್ಸಿಲ್ಲ. ಕೊನೆಗೆ ಅಂಗಡಿಯ ಹಿಂದೆ ಒಂದು ಚಪ್ಪರ ಹಾಕಿಸಿ, "ಅದೇನದನೋ ನೀನ ನೋಡ್ಕೋ ಬಾಲಮ್ಮ, ನಾ ಮುಟ್ಟಂಗಿಲ್ಲ" ಎಂದು ಕೈ ತೊಳೆದುಕೊಂಡರು. ಶ್ರಾವಣ ಬಂದರೆ ಚೀಲಗಳ ಮೇಲೆ ಗೋಣಿತಟ್ಟು ಹೊದಿಸಿ ಒಂದು ತಿಂಗಳು ಮಾರಾಟ ಬಂದ್ ಮಾಡುವುದು ಅವರೇ ಹಾಕಿದ ಕಟ್ಟಳೆ.

ಬಾಲಮ್ಮನ ಮನೆಯವರು ಬೌದ್ಧರು. ಅವರು ಇದನ್ನೆಲ್ಲ ನಗುನಗುತ್ತಲೇ ಹೇಳುತ್ತಾರೆ, ಆದರೆ ಏನನ್ನೂ ಮರೆತಿಲ್ಲ. "ಒಂದು ಕಾಲಕ್ಕ ನಾವು ಮುಟ್ಟಿದ್ರ ಮೈಲಿಗಿ ಆಗತಿತ್ತು. ಈಗ ನಾ ಮುಟ್ಟಲಿಲ್ಲಂದ್ರ ವ್ಯಾಪಾರ ಆಗಂಗಿಲ್ಲ. ಕಾಲ ಹೆಂಗ ಬಂದದ ನೋಡ್ರಿ."

ಶುರುವಿನಲ್ಲಿ ಬಾಲಮ್ಮನೂ ಚೀಲದ ಮುಖವನ್ನೇ ನಂಬಿದವರು. ಆ ನಂಬಿಕೆಯ ಪೆಟ್ಟು ಬಿದ್ದದ್ದು ಸಗರದ ಕುರಿಗಾರ ಹುಲಗಪ್ಪನ ನಾಯಿಗಳಿಗೆ. ನೂರಿಪ್ಪತ್ತು ಕುರಿ, ಮೂರು ನಾಯಿ: ಕರಿಯ, ಸಿಂಗ, ಚುಕ್ಕಿ. ಮೊದಲೆಲ್ಲ ನಾಯಿಗಳಿಗೆ ಜೋಳದ ನುಚ್ಚು, ಕುರಿ ಹಾಲು, ಆಗೀಗ ಖಂಡ ಸಿಗುತ್ತಿತ್ತು. ಕಾಲುವೆಯ ಕೆಳಗೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದವು, ಕುರಿ ಗುಡ್ಡ ಹತ್ತಿದವು, ನಾಯಿಯ ಪಾಲಿಗೆ ಅಕ್ಕಿ ಗಂಜಿ ಉಳಿಯಿತು. ಹೊಟ್ಟೆ ತುಂಬುತ್ತದೆ, ರಟ್ಟೆ ತುಂಬುವುದಿಲ್ಲ. ಗುಡ್ಡದ ತೋಳಕ್ಕೆ ಇದು ಬೇಗ ತಿಳಿಯಿತು.

ಐದು ವರ್ಷದ ಹಿಂದೆ ಹುಲಗಪ್ಪ ಸಲಹೆ ಕೇಳಿಕೊಂಡು ಚಪ್ಪರಕ್ಕೆ ಬಂದಾಗ ಬಾಲಮ್ಮ ಚೀಲದ ಮುಂದೆ ದಪ್ಪಗೆ ಬರೆದಿದ್ದ 'ಪ್ರೋಟೀನ್ 30%' ತೋರಿಸಿ, ಅಂಕಿ ದೊಡ್ಡದಿದ್ದರೆ ಖಂಡವೂ ಜಾಸ್ತಿ ಎಂದು ಕಟ್ಟಿ ಕಳಿಸಿದರು. ಎರಡು ತಿಂಗಳಾದರೂ ನಾಯಿಗಳ ಪಕ್ಕೆಲುಬು ಮುಚ್ಚಲಿಲ್ಲ. ಮೇಲಾಗಿ ಹೊಟ್ಟೆಯುಬ್ಬರ, ದಿನಕ್ಕೆ ಐದಾರು ಸಲ ತೆಳು ಬಹಿರ್ದೆಸೆ. ಒಂದು ಸಂತೆಯ ದಿನ ಹುಲಗಪ್ಪ ಖಾಲಿ ಚೀಲ ತಂದು, ನಾಲ್ಕು ಜನರ ಮುಂದೆ ಬಾಲಮ್ಮನ ಕಾಲ ಬಳಿ ಒಗೆದ.

"ನಿನ್ನ ಮಾತು ಕೇಳಿ ನನ್ನ ನಾಯಿ ಮೆತ್ತಗಾದ್ವು ಯವ್ವಾ!"

ಬಾಲಮ್ಮ ಅದನ್ನು ಎತ್ತಿಟ್ಟುಕೊಂಡರು. ಸಂಜೆ ಆ ಖಾಲಿ ಚೀಲ ಮಡಚಿಕೊಂಡು ಪಕ್ಕದ ಮನೆಯ ನಿವೃತ್ತ ಮಾಸ್ತರ ಚಂದ್ರಾಮಪ್ಪನವರ ಕಟ್ಟೆಗೆ ಹೋದರು. ಮಾಸ್ತರರು ಕನ್ನಡಕ ಏರಿಸಿ ಹಿಂದಿನ ಪಟ್ಟಿ ಓದಿ ಹೇಳಿದರು: ಮೊದಲು ಗೋವಿನಜೋಳ ಅಂದರೆ ಮೆಕ್ಕೆಜೋಳ, ಆಮೇಲೆ ಸೋಯಾ, ಆಮೇಲೆ ಗೋವಿನಜೋಳದ್ದೇ ಅಂಟು, ಆಮೇಲೆ ಅಕ್ಕಿ ತೌಡು. ಕೋಳಿ ಬಂದದ್ದು ಆರನೇ ಜಾಗದಲ್ಲಿ. ಯಾವುದರ ತೂಕ ಹೆಚ್ಚೋ ಅದರ ಹೆಸರು ಮೊದಲು ಬರೆಯುವುದು ಪಟ್ಟಿಯ ರೂಢಿ ಎಂಬುದು ಬಾಲಮ್ಮನಿಗೆ ಅವತ್ತು ತಿಳಿಯಿತು. ಮೂವತ್ತೇನೋ ಖರೆ, ಅದರಲ್ಲಿ ಬಹುಪಾಲು ಕಾಳಿನದು. ಮೇಲೆ ತಳಕು, ಒಳಗೆ ಹುಳಕು.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು ನಲವತ್ತೇಳನೇ ವಯಸ್ಸಿನಲ್ಲಿ ಮತ್ತೆ ಪಾಠಕ್ಕೆ ಕೂತರು. ಒಂದು ರಟ್ಟಿನ ಮೇಲೆ ಹನ್ನೆರಡು ಇಂಗ್ಲಿಷ್ ಶಬ್ದ, ಪ್ರತಿಯೊಂದರ ಪಕ್ಕ ಪೆನ್ಸಿಲ್ಲಿನ ಚಿತ್ರ: ಕೋಳಿ, ಕುರಿ, ಮೀನು, ತೆನೆ, ಕಾಳು. ಆ ರಟ್ಟು ಈಗ ಎಣ್ಣೆ ಹಿಡಿದು ಕಪ್ಪಾಗಿ ಚಪ್ಪರದ ಕಂಬಕ್ಕೆ ತೂಗಿದೆ. ಬಾಲಮ್ಮ ಅದನ್ನು ನೋಡದೆಯೇ ಓದುತ್ತಾರೆ. ಬೆರಳು ಚೀಲದ ಬೆನ್ನ ಮೇಲಿಂದ ಇಳಿಯುತ್ತದೆ, ಗೋವಿನಜೋಳ ಬಂದಲ್ಲೆಲ್ಲ ಸೀಮೆಸುಣ್ಣದ ಗೆರೆ ಬೀಳುತ್ತದೆ.

"ಒಬ್ಬನ ಕಳ್ಳ, ಮೂರು ಹೆಸರು ಇಟ್ಕೊಂಡು ಬರ್ತಾನ್ರಿ" ಎಂದು ತೋರಿಸುತ್ತಾರೆ. "ಇಲ್ಲಿ ಗೋವಿನಜೋಳ, ಇಲ್ಲಿ ಅದರದ ಹಿಟ್ಟು, ಇಲ್ಲಿ ಅದರದ ಅಂಟು. ಒಡದು ಬರದ್ರ ಒಂದೊಂದೂ ಸಣ್ಣದಾಗ್ತದ, ಕೋಳಿ ಹೆಸರು ಮ್ಯಾಲ ಕುಂದರತದ. ಮೂರೂ ಕೂಡಿಸಿ ನೋಡ್ರಿ, ಕೋಳಿ ಎಲ್ಲಿ ಹಾರಿ ಹೋಗತದ ಅಂತ." ಹಸಿ ಕೋಳಿ ಎಂದು ಬರೆದಿದ್ದರೆ ಅದರಲ್ಲಿ ಮುಕ್ಕಾಲು ಪಾಲು ನೀರೇ; ಒಣಗಿಸಿ ಪುಡಿ ಮಾಡಿದ ಕೋಳಿ ಮೊದಲ ಎರಡು ಮೂರು ಹೆಸರಿನಲ್ಲಿದ್ದರೆ ಆ ಚೀಲಕ್ಕೆ ಬಾಲಮ್ಮನ ಒಪ್ಪಿಗೆ ಸಿಗುತ್ತದೆ. ಹದಿನಾಲ್ಕರಲ್ಲಿ ಹಾಗೆ ಪಾಸಾದವು ನಾಲ್ಕು.

ಪಾಸಾದ ಚೀಲವೂ ಎಲ್ಲರಿಗೂ ಸಿಗುವುದಿಲ್ಲ. ಬಂದವರಿಗೆ ಮೂರು ಪ್ರಶ್ನೆ: ವಯಸ್ಸೆಷ್ಟು, ತೂಕವೆಷ್ಟು, ದಿನವಿಡೀ ಏನು ಕೆಲಸ ಮಾಡುತ್ತದೆ? ಕಕ್ಕೇರಾದಿಂದ ಉದ್ದ ಕಾಲಿನ ಓಟದ ನಾಯಿ ಹಿಡಿದುಕೊಂಡು ಬಂದವರಿಗೆ ಒಂದು ಅಳತೆ, ಕ್ವಾರ್ಟರ್ಸಿನ ಸೋಫಾದ ಮೇಲೆ ಮಲಗುವ ನಾಯಿಗೆ ಅದರ ಅರ್ಧ. ಮರಿಯ ಆಹಾರವನ್ನು ಬೆಳೆದ ನಾಯಿಗೆ ಕೇಳಿದರೆ ಬೈಗುಳ. ಮೂತ್ರಪಿಂಡದ ತೊಂದರೆಯಿರುವ ನಾಯಿ ಎಂದರೆ ಚೀಲವನ್ನೇ ಕೊಡುವುದಿಲ್ಲ, ದನದ ದವಾಖಾನೆಯ ಹಾದಿ ತೋರಿಸುತ್ತಾರೆ. "ಖಂಡ ಜಾಸ್ತಿ ಅಂದ್ರ ಎಲ್ಲಾಕೂ ಅಮೃತ ಅಲ್ರಿ."

ಹುಲಗಪ್ಪನ ಬಳಿ ಅವರೇ ಹೋಗಿ ತಪ್ಪೊಪ್ಪಿಕೊಂಡರು. ತೀರಾ ಸೊರಗಿದ್ದ ಚುಕ್ಕಿಯನ್ನು ನಲವತ್ತು ದಿನ ಚಪ್ಪರದ ಕಂಬಕ್ಕೆ ಕಟ್ಟಿಕೊಂಡು, ತಾವು ಓದಿ ಆರಿಸಿದ ಆಹಾರವನ್ನು ಗಂಜಿಯೊಂದಿಗೆ ವಾರಕ್ಕೊಂದು ಹಿಡಿ ಹೆಚ್ಚಿಸುತ್ತ ತಿನ್ನಿಸಿದರು. ಚುಕ್ಕಿ ಸಗರಕ್ಕೆ ವಾಪಸು ಹೋದಾಗ ಮೈ ಮಿರಿಮಿರಿ ಮಿಂಚುತ್ತಿತ್ತು. ಒಂದು ಕುರಿಮರಿ ತೋಳದ ಬಾಯಿಗೆ ಹೋದರೆ ಎರಡು ಚೀಲ ಹೋದ ಹಾಗೆ ಎಂದು ಲೆಕ್ಕ ಹಾಕಿದ ಹುಲಗಪ್ಪ ಮೂರೂ ನಾಯಿಗೆ ಅದನ್ನೇ ಹಿಡಿದ.

ಆದರೆ ಶ್ರಾವಣ ಇತ್ತಲ್ಲ. ಹುಲಗಪ್ಪನ ಹೆಂಡತಿ ರೇಣಮ್ಮ ನಾಗರ ಅಮಾವಾಸ್ಯೆಯಂದು ಮನೆಯಲ್ಲಿ ಖಂಡ ನಿಲ್ಲಿಸಿದಂತೆ ನಾಯಿಯ ಚೀಲದ ಬಾಯಿಯನ್ನೂ ಕಟ್ಟಿ ಜಂತಿಗೆ ತೂಗು ಹಾಕುತ್ತಿದ್ದಳು. ತಿಂಗಳಿಡೀ ನಾಯಿಗಳಿಗೆ ಬರಿ ಗಂಜಿ. ಶ್ರಾವಣ ಮುಗಿದ ಮರುದಿನ, ಪಾಪ ಹಸಿದಿವೆ ಎಂದು ಬೊಗಸೆ ತುಂಬ. ಕಳೆದ ವರ್ಷ ಹಾಗೆ ಒಮ್ಮೆಲೇ ತಿಂದ ಮೂರೂ ನಾಯಿ ಹೊಟ್ಟೆ ಕೆಟ್ಟು ನಾಲ್ಕು ದಿನ ಏಳಲಿಲ್ಲ. ಆ ನಾಲ್ಕು ದಿನದಲ್ಲಿ ತೋಳ ನಾಲ್ಕು ಮರಿ ಒಯ್ದಿತು. ಹುಲಗಪ್ಪ ಈ ಸಲ ಕಡ್ಡಿ ಮುರಿದಂತೆ ಹೇಳಿದ: "ಈ ವರ್ಷಾನೂ ಹಿಂಗಾದ್ರ ತಂತಿ ಬೇಲಿ ಹಾಕಿ ನಾಯಿ ಬಿಟ್ಟಬಿಡ್ತೀನಿ. ನಿನ್ನ ಮಾತಿಗಿ ಇದ ಕಡೀದು."

ಅಮಾವಾಸ್ಯೆಯ ಹಿಂದಿನ ದಿನವೇ ಬಾಲಮ್ಮ ಸಗರದ ಬಸ್ ಹತ್ತಿದರು. ಚೀಲದ ಬಾಯಿ ಕಟ್ಟಲು ದಾರ ಹುಡುಕುತ್ತಿದ್ದ ರೇಣಮ್ಮನ ಎದುರು ಕೂತರು.

"ನೀ ಖಂಡ ಬಿಡು ಯಕ್ಕಾ, ನಿನ್ನ ವ್ರತ ನಿನಗ. ತೋಳಕ್ಕ ಶ್ರಾವಣ ಅದ ಏನು?"

"ಮನ್ಯಾಗ ಖಂಡದ ವಾಸನಿ ಬರಬಾರದಲ್ಲವಾ!"

"ಮನ್ಯಾಗ ಇಡಬ್ಯಾಡ. ಕುರಿ ದೊಡ್ಡ್ಯಾಗ ಇಡು. ತಾಟು ಬ್ಯಾರೆ, ಅಳತಿ ಡಬ್ಬಿ ಬ್ಯಾರೆ. ನೀ ಮುಟ್ಟಬ್ಯಾಡ, ಹುಲಗಪ್ಪಣ್ಣ ಹಾಕ್ಲಿ."

ರೇಣಮ್ಮ ಸಿಕ್ಕ ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಕೊನೆಗೆ ಗೂಟಕ್ಕೆ ಸಿಕ್ಕಿಸಿದಳು. ಅರ್ಧ ಗೆದ್ದಂತಾಯಿತು. ಉಳಿದರ್ಧ ಶಹಾಪುರದಲ್ಲೇ ಇತ್ತು. ಒಂದು ನಾಯಿಗೆ ದಿನಕ್ಕೆ ಮುನ್ನೂರೈವತ್ತು ಗ್ರಾಂ. ಮೂರು ನಾಯಿಗೆ ಇಪ್ಪತ್ತು ಕಿಲೋ ಹತ್ತೊಂಬತ್ತು ದಿನವಷ್ಟೇ ಬರುತ್ತದೆ. ಶ್ರಾವಣ ಮೂವತ್ತು ದಿನದ್ದು, ಅಷ್ಟೂ ದಿನ ಚಪ್ಪರದ ಮಾರಾಟ ಬಂದ್; ಮುಂಚೆಯೇ ಎರಡು ಚೀಲ ಒಯ್ಯಲು ಹುಲಗಪ್ಪನಲ್ಲಿ ದುಡ್ಡಿರಲಿಲ್ಲ.

ಮೂರನೇ ಸೋಮವಾರ ಹುಲಗಪ್ಪ ಖಾಲಿ ಚೀಲ ಹಿಡಿದು ಅಂಗಡಿಯ ಮುಂದೆ ನಿಂತ. ಹಂಪಣ್ಣನವರು ಹಣೆ ತುಂಬ ವಿಭೂತಿ ಧರಿಸಿ ಗಲ್ಲೆಯ ಮೇಲೆ ಕೂತಿದ್ದರು. ಹಿಂದೆ ಚಪ್ಪರದಲ್ಲಿ ಎಲ್ಲ ಚೀಲಗಳ ಮೇಲೆ ಗೋಣಿತಟ್ಟು. ಹಿಂದಿನ ಬಾಗಿಲಲ್ಲಿ ನಿಂತು ಬಾಲಮ್ಮ ಕೈ ಕಟ್ಟಿಕೊಳ್ಳದೆ, ದನಿ ತಗ್ಗಿಸದೆ ಕೇಳಿದರು.

"ಸಾವಕಾರ್ರೆ, ಒಂದು ಚೀಲ ತೆಗೀತೀನಿ."

"ಸೋಮವಾರ ಬಾಲಮ್ಮ."

"ಗೊತ್ತದರಿ. ಇವತ್ತ ಗಂಜಿ ಹಾಕಿ, ಅಮಾಸಿ ಆದಮ್ಯಾಲ ಮತ್ತ ಇದನ್ನ ಹಾಕಿದ್ರ ಹ್ವಾದ ವರ್ಷದ್ದ ಆಗತದ. ನನ್ನ ಮಾತು ಕೆಟ್ಟರ ಕೆಡ್ಲಿ. ಮೂಕ ಜೀವಕ್ಕ ವ್ರತ ಹೊರಿಸೋದು ಪುಣ್ಯೇನ್ರಿ? ನೀವ ಹೇಳ್ರಿ, ನಾ ಸುಮ್ನ ಇರ್ತೀನಿ."

ಹಂಪಣ್ಣನವರು ಗಲ್ಲೆಯಿಂದ ಎದ್ದರು. ಹಿಂದಿನ ಬಾಗಿಲು ದಾಟಿದರು. ಬಯ್ಯಲು ಬಂದರೆಂದೇ ಬಾಲಮ್ಮ ಸೆಟೆದು ನಿಂತರು. ಸಾಹುಕಾರರು ಗೋಣಿತಟ್ಟಿನ ಚುಂಗು ಹಿಡಿದು ಎಳೆದರು. ಮೊದಲು ಕೈಗೆ ಬಂದ ಚೀಲಕ್ಕೆ ಸೀಮೆಸುಣ್ಣದ ಮೂರು ಗೆರೆ ಇದ್ದವು, ಅದನ್ನು ಬಿಟ್ಟರು. ಎರಡನೆಯದಕ್ಕೂ ಗೆರೆ, ಅದನ್ನೂ ಬಿಟ್ಟರು. ಗೆರೆಯಿಲ್ಲದ್ದು ಸಿಕ್ಕಾಗ ಎರಡೂ ಕೈಯಲ್ಲಿ ತಬ್ಬಿ ಎತ್ತಿ, ಹೊರಗೆ ತಂದು, ಬೆನ್ನು ಹುಲಗಪ್ಪನ ಕಡೆ ಮಾಡಿ ನಿಲ್ಲಿಸಿದರು.

"ಹಿಂದಿಂದ ಓದಿಸ್ಕೊಂಡು ತಗೋಳಪಾ" ಎಂದವರೇ ಕೈ ತೊಳೆಯದೆ ಹೋಗಿ ಗಲ್ಲೆಯ ಮೇಲೆ ಕೂತರು.

ಐದು ವರ್ಷ ಸಾಹುಕಾರರು ತನ್ನ ಗೆರೆಗಳನ್ನು ನೋಡುತ್ತಲೇ ಬಂದಿದ್ದರೆಂಬುದು ಬಾಲಮ್ಮನಿಗೆ ಅವತ್ತು ಗೊತ್ತಾಯಿತು. ಇದನ್ನು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು ಇನ್ನೊಂದು ಚೀಲ ತಿರುಗಿಸುತ್ತಾರೆ.

ಶ್ರಾವಣ ಮುಗಿದು ಇವತ್ತಿಗೆ ಹನ್ನೆರಡು ದಿನ. ಸಗರದಿಂದ ನಿನ್ನೆ ಸುದ್ದಿ ಬಂದಿದೆ: ಮೂರೂ ನಾಯಿ ಗಟ್ಟಿಯಾಗಿವೆ, ತೋಳ ಎರಡು ಸಲ ಬಂದು ಎರಡು ಸಲವೂ ಬರಿಗೈಲಿ ಹೋಗಿದೆ. ತಂತಿ ಬೇಲಿಯ ಮಾತು ಹುಲಗಪ್ಪ ಮತ್ತೆ ಎತ್ತಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಬಾಲಮ್ಮ ಸಂಬಳದ ಮಾತಾಡುವುದಿಲ್ಲ. ಕಂಬದಲ್ಲಿ ತೂಗುವ ರಟ್ಟಿನ ಧೂಳು ಒರೆಸುತ್ತಾರೆ.

"ಹಿಂದಿನ ಪಟ್ಟಿ ಕನ್ನಡದಾಗ ಬರೀಲಿ, ಅಷ್ಟ ಸಾಕ್ರಿ. ಕುರಿ ಕಾಯಾಂವ ತಾನ ಬೆರಳಿಟ್ಟು ಓದ್ಲಿ, ನನ್ನ ಕೇಳೋದು ಬ್ಯಾಡ." ಕೊನೆಯ ಚೀಲದ ನಗುವ ನಾಯಿ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. "ಅಲ್ಲಿತನಕ ಇವನ್ನ ತಿರುಗ್ಸಾಕ ನಾ ಅದೀನಿ. ಈಗಂತೂ ಸಾವಕಾರ್ರಿಗೂ ಬರ್ತದ."