ಒಲೆಗೊಂದು ಗುಡ್ಡೆ

ಅರ್ಥಶಾಸ್ತ್ರ ಓದುವಾಗ ಮರುಹಂಚಿಕೆ ಎಂಬ ಮಾತಿನ ಮೇಲೆ ನಾನು ಎಷ್ಟೋ ಪುಟ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ಅದನ್ನು ಆಡಿದ್ದು ಕೇಳಿಲ್ಲ. ನಮ್ಮವರಿಗೆ ಹಂಚಿದ್ದು ಕೈಗೆ ಹೇಗೆ ಬಂತು ಎನ್ನುವುದು ಮುಖ್ಯ. ರೇಷನ್ ಅಕ್ಕಿಯನ್ನು ಇಸ್ಕೊಂಡು ಬರುತ್ತಾರೆ. ಮದುವೆಮನೆಯಲ್ಲಿ ತೆಂಗಿನಕಾಯಿ ಕೊಡುತ್ತಾರೆ. ಪಾಲನ್ನು ಮಾತ್ರ ಎತ್ಕೊಳ್ಳುತ್ತಾರೆ. ಈ ಮೂರರ ನಡುವೆ ಇಷ್ಟು ದೂರವಿದೆ ಎಂದು ನನಗೆ ಗೊತ್ತಾದದ್ದು ಅತ್ತೆ ಊರಿಗೆ ಬಂದ ಮೇಲೆ.

ಅತ್ತೆ ಎಂದರೆ ಅಪ್ಪನ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ದೊಡ್ಡಪ್ಪ ತಾವೇ ಹೋಗಿ, ಪರಿಗಿ ಕಡೆಯ ನಮ್ಮ ಊರಿಗೆ ಕರೆದುಕೊಂಡು ಬಂದರು. ಮೊದಲು ದೊಡ್ಡಪ್ಪನ ಮನೆಯಲ್ಲೇ ಊಟ. ಆಮೇಲೆ ಅತ್ತೆ ಹಿಂದೂಪುರದ ಅಂಗಡಿಯೊಂದರಿಂದ ಸೀರೆ ತಂದು ಕುಚ್ಚು ಕಟ್ಟಿಕೊಡುವ ಕೆಲಸ ಹಿಡಿದರು. ಅದೇ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಬೇರೆ ಅಡುಗೆ ಮಾಡಿಕೊಂಡರು. ಜಗಳವೇನೂ ಆಗಿರಲಿಲ್ಲ. ದೊಡ್ಡಮ್ಮನ ಸಾರು ಸಪ್ಪೆ, ತನಗೆ ಹುಳಿ ಮುಂದಿರಬೇಕು ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ದೊಡ್ಡಮ್ಮ ಅದಕ್ಕೆ ನಗುತ್ತಿದ್ದರು ಎಂದು ನನ್ನ ನೆನಪು. ನಗದೆಯೂ ಇದ್ದಿರಬಹುದು.

ನಮ್ಮ ಹೊಲದ ಬದುವಿನಲ್ಲಿ ತಾತನ ಕಾಲದ ಹುಣಸೆ ಮರಗಳಿವೆ. ಅಣ್ಣತಮ್ಮಂದಿರು ಜಮೀನು ಭಾಗ ಮಾಡಿಕೊಂಡಾಗ ಮರಗಳನ್ನು ಮಾತ್ರ ಎಲ್ಲರಿಗೂ ಸೇರಿದಂತೆ ಹಾಗೆಯೇ ಬಿಟ್ಟರು. ಬೇಸಿಗೆಯ ಶುರುವಿಗೆ ಗೋರಂಟ್ಲ ಕಡೆಯಿಂದ ಜನ ಬಂದು ಗಳ ಹಿಡಿದು ಬಡಿಯುತ್ತಾರೆ. ಅವರದು ತೆಲುಗು, ಅವರ ಪಾಲನ್ನು ವಾಟಾ ಅನ್ನುತ್ತಾರೆ. ಅದನ್ನು ಮೊದಲು ಪಕ್ಕಕ್ಕೆ ತೆಗೆದು, ಉಳಿದ ಹಣ್ಣನ್ನು ಟಾರ್ಪಾಲಿನ ಮೇಲೆ ಒಲೆಗೊಂದು, ಅಂದರೆ ಬೇರೆ ಅಡುಗೆಯಿರುವ ಮನೆಗೊಂದು, ಗುಡ್ಡೆ ಹಾಕುತ್ತೇವೆ. ತಕ್ಕಡಿ ಇಲ್ಲ, ಕಣ್ಣಳತೆ. ಗುಡ್ಡೆ ಹಾಕಿದವರು ಕೊನೆಗೆ ಎತ್ತಿಕೊಳ್ಳಬೇಕು. ಹಾಗಾಗಿ ದೊಡ್ಡಪ್ಪ ಈ ಗುಡ್ಡೆಯದು ಒಂದು ಹಿಡಿ ಆ ಗುಡ್ಡೆಗೆ, ಆ ಗುಡ್ಡೆಯದು ಇಲ್ಲಿಗೆ ಎಂದು ಬಿಸಿಲೇರುವ ತನಕ ಕೂತಿರುತ್ತಾರೆ.

ಅತ್ತೆ ಬೇರೆ ಅಡುಗೆ ಹೂಡಿದ ವರ್ಷ ಅವರೂ ಹೊಲಕ್ಕೆ ಬಂದರು, ಕಂಕುಳಲ್ಲಿ ಮಡಿಚಿದ ಗೋಣಿಚೀಲ. ದೊಡ್ಡಪ್ಪ ಎಂದಿನಂತೆ ಮೂರು ಗುಡ್ಡೆ ಹಾಕಿದರು: ತಮ್ಮದು, ನಮ್ಮದು, ಚಿಕ್ಕಪ್ಪನದು. ಅತ್ತೆ ಸ್ವಲ್ಪ ಹೊತ್ತು ನಿಂತು ನೋಡಿ, ಚೀಲವನ್ನು ನೆರಳಿನಲ್ಲಿ ಹಾಸಿ ಅದರ ಮೇಲೇ ಕೂತರು. ಆ ಚೀಲ ಯಾಕೆ ತಂದಿದ್ದರೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ದೊಡ್ಡಪ್ಪ ತಂಗಿಯನ್ನು ಮರೆತಿರಲಿಲ್ಲ. ತಮ್ಮ ಪಾಲಿನ ಒಳ್ಳೆಯ ಹಣ್ಣನ್ನೇ ಆರಿಸಿ, ಸಿಪ್ಪೆ, ನಾರು, ಬೀಜ ಎಲ್ಲ ತೆಗೆಸಿ, ಉಪ್ಪು ಹಾಕಿ ಉಂಡೆ ಕಟ್ಟಿಸಿ, ದೊಡ್ಡ ಡಬ್ಬಿ ತುಂಬ ಒಯ್ದು ಕೊಟ್ಟರು. ಅದು ಪಾಲಿಗಿಂತ ಹೆಚ್ಚೇ ಇತ್ತು. ಮರುದಿನ ಅತ್ತೆ ಆ ಡಬ್ಬಿಯನ್ನು ದೊಡ್ಡಪ್ಪನ ಜಗಲಿಯ ಮೇಲೆ ತಂದಿಟ್ಟರು.

"ಯಾಕಮ್ಮ, ಕಮ್ಮಿ ಆಯ್ತಾ?" ಎಂದರು ದೊಡ್ಡಪ್ಪ.

"ಜಾಸ್ತಿನೇ ಐತೆ ಕಣಣ್ಣ. ನೀವೆಲ್ಲ ಎತ್ಕಂಡ್ರಿ, ನಂಗೆ ಕೊಟ್ರಿ. ನೆಂಟರಿಗೆ ಕೊಟ್ಟಂಗೆ. ನನ್ನ ಒಲೆ ಒಲೆ ಅಲ್ವಾ?"

ಒಲೆಯ ಮಾತನ್ನು ಅವರು ಜಗಲಿಯಲ್ಲೇ ಆಡಿದರೋ, ಆಮೇಲೆ ಅಮ್ಮನ ಹತ್ತಿರ ಹೇಳಿದ್ದನ್ನು ನಾನು ಇಲ್ಲಿ ತಂದು ಸೇರಿಸುತ್ತಿದ್ದೇನೋ, ಖಚಿತವಿಲ್ಲ. ನನ್ನ ಡೈರಿಯಲ್ಲಿ ಆ ದಿನದ್ದು ಒಂದೇ ಸಾಲು, ಡಬ್ಬಿ ವಾಪಸ್ ಬಂತು ಎಂದು. ಆದರೆ ಅತ್ತೆಯ ಭಯ ಏನೆಂಬುದರಲ್ಲಿ ನನಗೆ ಅನುಮಾನವಿಲ್ಲ. ನೆಂಟರು ಎಷ್ಟೇ ಬೇಕಾದವರಿರಲಿ, ಒಂದು ದಿನ ಹೊರಡಬೇಕಾಗುತ್ತದೆ. ಅವರಿಗೆ ವಾಪಸ್ ಹೋಗಲು ಕಲ್ಯಾಣದುರ್ಗದಲ್ಲಿ ಮನೆ ಉಳಿದಿರಲಿಲ್ಲ.

ದೊಡ್ಡಪ್ಪನಿಗೆ ನೋವಾಯಿತು. ಪ್ರೀತಿಯಿಂದ ಕೊಟ್ಟಿದ್ದರಲ್ಲಿ ತಪ್ಪೇನು ಎಂದು ಅಪ್ಪನನ್ನು ಕೇಳಿದರು, ಅಮ್ಮನನ್ನು ಕೇಳಿದರು. ನಾನು ನಡುವೆ ಬಾಯಿ ಹಾಕಿ, ಹಕ್ಕು ಬೇರೆ ಉಡುಗೊರೆ ಬೇರೆ ಎಂದು ವಿವರಿಸಲು ಹೊರಟೆ.

"ಒಂದ್ ಸಾರಿಗೆ ಎಷ್ಟು ಹುಣಸೆಹಣ್ಣು ಬೇಕು ಅಂತ ಮೊದ್ಲು ಕಲ್ತ್ಕೋ ಹೋಗಮ್ಮ" ಎಂದು ದೊಡ್ಡಪ್ಪ ನನ್ನನ್ನು ಅಟ್ಟಿದರು.

ಮುಂದಿನ ಬೇಸಿಗೆಗೂ ಅವರು ಮೊದಲು ಹಾಕಿದ್ದು ಮೂರೇ ಗುಡ್ಡೆ. ಎದ್ದು ನಿಂತು ನೋಡಿದರು. ಪಂಚೆ ಮೇಲೆತ್ತಿ ಕಟ್ಟಿ ಮತ್ತೆ ಕೂತರು. ಮೂರರಿಂದಲೂ ಬಾಚಿ ಬಾಚಿ ನಾಲ್ಕನೆಯದನ್ನು ಎಬ್ಬಿಸಿದರು. ನಮ್ಮ ಗುಡ್ಡೆ ಕಣ್ಣೆದುರೇ ಕುಗ್ಗಿತು. ಚಿಕ್ಕಮ್ಮನ ಮುಖ ಸಣ್ಣದಾಯಿತು ಎಂದು ಬರೆಯಲು ಹೊರಟಿದ್ದೆ. ಆಗ ನನ್ನ ಮುಖ ಹೇಗಿತ್ತು ಎಂಬುದನ್ನು ಚಿಕ್ಕಮ್ಮನೇ ಹೇಳಬೇಕು.

ಮೊದಲು ಎತ್ತಿಕೊಳ್ಳುವಂತೆ ದೊಡ್ಡಪ್ಪ ಅತ್ತೆಗೆ ಹೇಳಿದರು. ಅತ್ತೆಗೆ ಅವಸರವೇ ಇಲ್ಲ. ಒಂದೊಂದು ಗುಡ್ಡೆಯ ಮುಂದೂ ಕುಕ್ಕರಗಾಲಲ್ಲಿ ಕೂತು, ಕಾಯಿ ಮುರಿದು, ನಾಲಿಗೆಗೆ ಹಚ್ಚಿ ನೋಡಿದರು.

"ಅಕ್ಕಾ, ಹೆಣ್ಣು ನೋಡಕ್ ಬಂದಂಗೆ ನೋಡ್ತಿದ್ದೀಯಲ್ಲ" ಎಂದರು ಚಿಕ್ಕಪ್ಪ.

"ಸುಮ್ಕಿರ್ಲಾ. ನಿನ್ ಹೆಂಡ್ತಿನ ಆರ್ಸಿದ್ದೂ ನಾನೇ" ಎಂದರು ಅತ್ತೆ. ಚಿಕ್ಕಮ್ಮನಿಗೂ ನಗು ಬಂತು.

ಕೊನೆಗೆ ಒಂದು ಗುಡ್ಡೆ ಎತ್ತಿಕೊಂಡು ಚೀಲದ ಬಾಯಿ ಕಟ್ಟಿದರು. ಸಂಜೆ ತಮ್ಮ ಬಾಗಿಲಲ್ಲಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತ, ಬೀದಿಗೆಲ್ಲ ಕೇಳುವಂತೆ ದೂರಲು ಶುರುಮಾಡಿದರು: ತನ್ನ ಗುಡ್ಡೆಯಲ್ಲಿ ಬರೀ ನಾರು, ಅರ್ಧಕ್ಕರ್ಧ ಹುಳ, ಅಣ್ಣ ಬೇಕೆಂದೇ ಎಳೆಗಾಯನ್ನೆಲ್ಲ ಅದರಡಿ ತುಂಬಿದ್ದಾನೆ. ದೊಡ್ಡಪ್ಪ ಕೇಳುವಷ್ಟು ಕೇಳಿ, ಕೊನೆಗೆ ತಮ್ಮ ಚೀಲವನ್ನು ಹೊತ್ತು ತಂದು ಅತ್ತೆಯ ಮುಂದೆ ಇಟ್ಟರು.

"ತಗಾ, ಬದ್ಲಾಯಿಸ್ಕೊಳಾನ ಕಣಮ್ಮ."

"ಯಾಕೆ ಬದ್ಲಾಯಿಸ್ಲಿ? ನಂದು ನಂಗಿರ್ಲಿ. ಬೈಯ್ಯೋದು ಬೈಯ್ತೀನಿ" ಎಂದು ಅತ್ತೆ ಇನ್ನೊಂದು ಹಣ್ಣನ್ನು ಕಲ್ಲಿನ ಮೇಲಿಟ್ಟು ಕುಟ್ಟಿದರು.