ಹಣೆಗೆ ಭಂಡಾರ, ಹೊಕ್ಕುಳಿಗೆ ಗ್ರೀಸು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಗೆರೆಯೇ ಉಳಿದಿರಲಿಲ್ಲ. ರೇಷನ್ ಅಂಗಡಿಯ ಯಂತ್ರದ ಮೇಲೆ ಒತ್ತಿದರೆ ತಿಂಗಳು ತಿಂಗಳೂ ಅದು ಒಲ್ಲೆ ಅನ್ನುತ್ತಿತ್ತು. "ನಾ ಯಾರಂತ ಆ ಮಷಿನ್‌ಗೆ ಗೊತ್ತಾಗೂದಿಲ್ಲ. ಸವದತ್ತ್ಯಾಗಿನ ಸೈಕಲ್‌ಗೆಲ್ಲಾ ಗೊತ್ತೈತಿ," ಎಂದು ಅವರು ನಗುತ್ತಿದ್ದರು.

ಊರಿಗೆಲ್ಲ ಅವರು ಸೈಕಲ್ ಕಾಕಾ. ಸವದತ್ತಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ತಗಡಿನ ಅಂಗಡಿ. ಗೋಡೆಗೆ ಬುದ್ಧನದೊಂದು ಫೋಟೊ, ಅದರ ಕೆಳಗೆ ಅಳತೆಯ ಪ್ರಕಾರ ಸಾಲಾಗಿ ತೂಗುಹಾಕಿದ, ನಟ್ಟು ಬಿಚ್ಚುವ ಪಾನಾಗಳು. ಹರೆಯದಲ್ಲಿ ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ವರ್ಷಗಟ್ಟಲೆ ದುಡಿದು, ಆ ಯಂತ್ರಗಳ ಸದ್ದಿಗೆ ಕಿವಿ ಕಳೆದುಕೊಂಡಿದ್ದರು. ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ತಾವೂ ಕೂಗಿಯೇ ಮಾತಾಡುತ್ತಿದ್ದರು. ಬೇರೆ ಮಿಸ್ತ್ರಿಗಳು ಗಾಲಿ ತಿರುಗಿಸಿ, ಸದ್ದು ಕೇಳಿ ರೋಗ ಹೇಳಿದರೆ ಇವರು ಕೈಯಿಟ್ಟು ಹೇಳುತ್ತಿದ್ದರು. "ಸಪ್ಪಳಾ ಎಲ್ಲಿಂದರ ಬರತೈತಿ. ನಡುಕ ಹಂಗಲ್ಲ, ಹುಟ್ಟಿದಲ್ಲೇ ಸಿಗತೈತಿ," ಅನ್ನುವುದು ಅವರ ಮಾತು.

ನಾವು ಉಗರಗೋಳದವರು. ಹುಣ್ಣಿಮೆ ಬಂತೆಂದರೆ, ಮಂಗಳವಾರ ಶುಕ್ರವಾರ ಬಂತೆಂದರೆ, ಎಲ್ಲವ್ವನ ಗುಡ್ಡದ ಭಕ್ತರಿಂದ ತುಂಬಿದ ಬಸ್ಸುಗಳು ನಮ್ಮ ಸ್ಟಾಪಿನಲ್ಲಿ ನಿಲ್ಲುವುದೇ ಇಲ್ಲ. ತಾಯಿಯ ದರ್ಶನಕ್ಕೆ ಬಂದವರನ್ನು ಬೈಯುವಂತೆಯೂ ಇಲ್ಲ. ಮಗಳು ಸವದತ್ತಿಯ ಕಾಲೇಜಿಗೆ ಸೇರಿದ ವರ್ಷ ನನ್ನ ತಮ್ಮ ತನ್ನ ಮಗ ಓಡಿಸಿ ಬಿಟ್ಟ ಗೇರ್ ಸೈಕಲ್ಲನ್ನು ತಂದುಕೊಟ್ಟ. ದಪ್ಪ ಟೈರು, ಮುಂದೆ ಸ್ಪ್ರಿಂಗು. ಮೌಂಟೇನ್ ಬೈಕ್ ಅಂತೆ, ಎಂಥ ಕಲ್ಲುದಾರಿಯಲ್ಲೂ ಹೋಗುತ್ತದಂತೆ. ತಾಯಿಯೇ ಕಳಿಸಿದ ವಾಹನ ಅಂದುಕೊಂಡೆ ನಾನು.

ಅಂದುಕೊಂಡ ಮೇಲೆ ಸುಮ್ಮನಿರಲಾಗುತ್ತದೆಯೇ? ಮಂಗಳವಾರ, ಶುಕ್ರವಾರ ಬೆಳಿಗ್ಗೆ ನಳದ ಪೈಪು ಹಿಡಿದು ಅದನ್ನು ತೊಳೆಯುತ್ತಿದ್ದೆ. ಹ್ಯಾಂಡಲಿಗೆ ಒಂದು ಚಿಟಿಕೆ ಭಂಡಾರ, ಅಂದರೆ ಗುಡ್ಡದಿಂದ ತಂದ ಅರಿಶಿನ ಪುಡಿ. ಗಾಲಿಯ ನಟ್ಟನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಗುಂಬಕ್ಕೆ ಇನ್ನೊಂದು ಚಿಟಿಕೆ. ಅದನ್ನು ಹಬ್ ಅನ್ನುತ್ತಾರೆಂದು ಆಗ ಗೊತ್ತಿರಲಿಲ್ಲ. ಕಿರುಗುಟ್ಟಿದ ದಿನ ದೇವರ ದೀಪದ ಕುಸುಬಿ ಎಣ್ಣೆ ನಾಲ್ಕು ಹನಿ. ಭಕ್ತಿಗೆ ಯಾವ ಕೊರತೆಯೂ ಇರಲಿಲ್ಲ.

ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಮುಂದಿನ ಗಾಲಿ ಗರಗರ ಅನ್ನತೊಡಗಿತು. ಒಂದು ದಿನ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗಿ ಮಗಳು ಬಿದ್ದಳು. ಮೊಣಕಾಲು ಕೆತ್ತಿಸಿಕೊಂಡು, ಅಂಗೈ ತರಚಿಕೊಂಡು ಬಂದಳು. ತಲೆಗೆ ಏನೂ ಆಗಿರಲಿಲ್ಲ. ಹಿಂದಿನಿಂದ ಗಾಡಿ ಬರುತ್ತಿರಲಿಲ್ಲ. ಆ ಎರಡು ಉಪಕಾರಗಳನ್ನು ನಾನು ಇಂದಿಗೂ ಎಣಿಸುತ್ತೇನೆ. ನಮ್ಮ ಮನೆಯವರಿಗೆ ಮಾತ್ರ ಸಿಟ್ಟು.

"ಗಾಲಿ ಅಲ್ಲ, ಇಕಿ ತಲಿ ತಿರಗೈತಿ. ಇಳಕಲದಾಗ ಬ್ರೇಕ್ ಹಿಡಿಯೂದಿಲ್ಲ. ಸೈಕಲ್ ಮಾರೂದ. ಬಸ್ ಸಿಕ್ಕ ದಿನ ಕಾಲೇಜ, ಸಿಗದ ದಿನ ಮನಿ," ಅಂದರು.

"ಹಿಡದಿದ್ದೆ ಅಪ್ಪಾ. ಗಾಲಿನ ಅಲ್ಲಾಡಾಕ ಹತ್ತಿತ್ತು," ಎಂದಳು ಮಗಳು. ಅವರು ನಂಬಲಿಲ್ಲ. ನಾನೂ ಪೂರ್ತಿ ನಂಬಲಿಲ್ಲ, ಅದನ್ನಿಲ್ಲಿ ಮುಚ್ಚಿಡುವುದಿಲ್ಲ. ಆದರೆ ಬಸ್ ಸಿಕ್ಕ ದಿನವಷ್ಟೇ ಕಾಲೇಜು ಅಂದರೆ ಮೊದಲು ವಾರಕ್ಕೆರಡು ದಿನ ತಪ್ಪುತ್ತದೆ, ಆಮೇಲೆ ಓದೇ ನಿಲ್ಲುತ್ತದೆ. ಅದು ನನಗೆ ಕಣ್ಣೆದುರು ಕಾಣುತ್ತಿತ್ತು.

ಹಳೆಯ ಸೈಕಲ್ ಕೊಳ್ಳುವವರು ಕಾಕಾ ಒಬ್ಬರೇ. ಮೂವರೂ ಅವರಲ್ಲಿಗೆ ಹೋದೆವು.

"ಕಾಕಾ, ಇದನ್ನ ತಗೋತೀರೇನು?" ಎಂದು ನಮ್ಮವರು ಕೂಗಿದರು.

"ಏನಾಗೈತಿ ಇದಕ್ಕ?"

"ಇದಕ್ಕೇನಿಲ್ಲ. ಹುಡಿಗಿಗೆ ಹೊಡಿಯಾಕ ಬರೂದಿಲ್ಲ."

ಕಾಕಾ ಮಗಳ ಮೊಣಕಾಲಿನ ಪಟ್ಟಿ ನೋಡಿದರು. "ತಡೀರಿ ಗೌಡ್ರ. ಸೈಕಲ್‌ನೂ ಒಂದ ಮಾತ ಕೇಳೂಣು."

ಸೈಕಲ್ಲನ್ನು ಹಗ್ಗಕ್ಕೆ ತೂಗುಬಿಟ್ಟರು. ಎಡಗೈಯಿಂದ ಮುಂದಿನ ಗಾಲಿ ಕೂರುವ ಕವಲು ಚಿಮಟಾವನ್ನು ಹಿಡಿದು, ಬಲಗೈಯಿಂದ ರಿಮ್ಮನ್ನು ಆಚೆ ಈಚೆ ಅಲ್ಲಾಡಿಸಿದರು. ಗಾಲಿಯನ್ನು ಅಷ್ಟು ತಿರುಗಿಸಿ ಇನ್ನೊಂದು ಜಾಗದಲ್ಲಿ, ಮತ್ತೊಂದು ಜಾಗದಲ್ಲಿ. ಕಣ್ಣು ಮುಚ್ಚಿದ್ದವು. ಆಮೇಲೆ ನಮ್ಮವರ ಕೈಯನ್ನೇ ಎಳೆದು ಚಿಮಟಾದ ಮೇಲಿಟ್ಟರು.

"ಹತ್ತೇತೇನು ಕೈಗೆ? ರಿಮ್ ಸೊಟ್ಟ ಇದ್ರ ಒಂದ ಕಡೆ ಆಡತೈತಿ. ಇದು ಎಲ್ಲಾ ಕಡೆನೂ ಆಡಾಕ ಹತ್ತೈತಿ. ಹಬ್ ಒಳಗ ಬೇರಿಂಗ್ ತಿಂದೈತ್ರಿ. ಇಂಥಾ ಗಾಲಿ ಮ್ಯಾಲ ಇಳಕಲದಾಗ ನೀವು ಹೋಗಿದ್ರ ನಿಮ್ಮನ್ನ ಚಾದರದಾಗ ತರತಿದ್ರು. ಈ ಹುಡಿಗಿ ನಡಕೊಂಡ ಬಂದಾಳ. ಛಲೋ ಹೊಡಿತಾಳ!"

ಬೀದಿಗೆಲ್ಲ ಕೇಳಿತು. ಮಗಳು ಕಾಲ ಪಟ್ಟಿಯನ್ನು ನೋಡುತ್ತ ನಿಂತಳು, ಅವಳ ಕಣ್ಣು ತುಂಬಿದ್ದವು. ನಮ್ಮವರು ಕೈ ತೆಗೆಯಲಿಲ್ಲ. ತಾವೇ ಇನ್ನೊಮ್ಮೆ ಅಲ್ಲಾಡಿಸಿ ನೋಡಿದರು.

ಕಾಕಾ ಗಾಲಿ ಕಳಚಿದರು. ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹೊರಳಿಸಿ ನನ್ನತ್ತ ಚಾಚಿದರು. "ಅಕ್ಕಾರ, ಗಿರಣ್ಯಾಗಿಂದ ಹಿಟ್ಟ ತಂದ ಕೂಡಲೇ ಬೆರಳಾಗ ತಿಕ್ಕಿ ನೋಡತೀರಲ್ಲ? ಹಂಗ ನೋಡ್ರಿ."

ನೋಡಿದೆ. ಹಿಟ್ಟಲ್ಲ, ರವೆ. ರವೆಯೂ ಅಲ್ಲ, ನುಚ್ಚು.

ತೆಳ್ಳನೆಯ ಪಾನಾ ಹಾಕಿ ನಟ್ಟು ಬಿಚ್ಚಿದರು. ಅದರ ಹಿಂದೆ ಗುಂಡುಗಳನ್ನು ಒತ್ತಿಹಿಡಿಯುವ ಕೋನ್ ಹೊರಬಂತು, ಅದರ ಹಿಂದೆ ಜೋಳದ ಕಾಳಿನಷ್ಟಿರುವ ಉಕ್ಕಿನ ಗುಂಡುಗಳು, ಅವರ ಬಾಯಲ್ಲಿ ಛರ್ರಾ. ಅವುಗಳ ಜೊತೆಗೆ ಹಳದಿ ಗೊಜ್ಜು. ಕಾಕಾ ಅದನ್ನು ಬೆರಳಿಗೆ ತಗೊಂಡು ಮೂಸಿದರು.

"ಯವ್ವಾ! ಕುಸುಬಿ ಎಣ್ಣಿ, ಭಂಡಾರ! ಹಬ್ಬಿನ ಒಳಗ ಎಲ್ಲವ್ವ ಕುಂತಾಳಲ್ಲರಿ!"

ನನ್ನ ಮುಖ ಎಲ್ಲಿಡಲಿ? ಮಗಳನ್ನು ಬೀಳಿಸಿದ್ದು ನನ್ನ ಕೈ. ಪೈಪಿನ ನೀರು ಒಳಗೆ ಹೋಗಿ, ಎಣ್ಣೆಯು ಒಳಗಿದ್ದ ಗ್ರೀಸನ್ನೆಲ್ಲ ಕರಗಿಸಿ, ಭಂಡಾರ ಕೆಸರಾಗಿ, ಗುಂಡುಗಳು ತುಕ್ಕು ಹಿಡಿದು ಕುಳಿಬಿದ್ದಿದ್ದವು. "ನಾನ ಹಚ್ಚೇನ್ರಿ ಕಾಕಾ," ಅಂದೆ. ಕೇಳಿಸಲಿಲ್ಲ. ಅದನ್ನೇ ಬೀದಿಯಲ್ಲಿ ಕೂಗಿ ಹೇಳಬೇಕಾಯಿತು.

ಅವರು ನಗಲಿಲ್ಲ. ದೇವರನ್ನು ನಂಬದ ಮನುಷ್ಯ, ಊದುಬತ್ತಿ ಹಚ್ಚಿದ್ದನ್ನು ನಾನೆಂದೂ ಕಂಡಿಲ್ಲ. ಹ್ಯಾಂಡಲಿನ ಕೆಳಗಿನ ಜಾಗವನ್ನು ಮುಟ್ಟಿ ತೋರಿಸಿದರು. "ಇದು ಸೈಕಲ್ ಹಣಿ." ಗಾಲಿಯ ನಡುವೆ ಮುಟ್ಟಿದರು. "ಇದು ಹೊಕ್ಕಳಾ. ಭಂಡಾರ ಹಣಿಗೆ ಹಚ್ರಿ, ಹೊಕ್ಕಳಕ್ಕ ಬ್ಯಾಡ. ಹೊಕ್ಕಳಕ್ಕ ಗ್ರೀಸ್. ನೀರ ಬಿಡಬ್ಯಾಡ್ರಿ, ಹಸಿ ಅರಬಿಲೇ ಒರಸ್ರಿ. ತಾಯಿ ಸಿಟ್ಟಾಗೂದಿಲ್ಲ."

ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದರು. ಗುಂಡು ಕೂರುವ ಬಟ್ಟಲು ಚೆನ್ನಾಗಿತ್ತು, ಕೋನ್ ಕುಳಿಬಿದ್ದಿತ್ತು, ಹೊಸದು ಹಾಕಿದರು. ಗ್ರೀಸು ತುಂಬಿ ಬದಿಗೆ ಹತ್ತರಂತೆ ಹೊಸ ಗುಂಡು ಕೂರಿಸಿದರು. ಇನ್ನೂ ಚೂರು ಜಾಗವಿತ್ತು. "ಇನ್ನೊಂದ ಹಿಡಿತೈತಲ್ಲ ಕಾಕಾ," ಅಂದಳು ಮಗಳು. "ಹಿಡಿತೈತಿ ಮಗಳ, ತಿರಗೂದಿಲ್ಲ." ಕೋನ್ ಬಿಗಿಯುವುದರಲ್ಲೇ ಅರ್ಧ ತಾಸು ಕಳೆಯಿತು. ಬಿಗಿಯುವುದು, ಕೂದಲೆಳೆಯಷ್ಟು ಸಡಿಲಿಸುವುದು, ಬೆರಳಲ್ಲಿ ಹೊರಳಿಸಿ ನೋಡುವುದು. ಕೊನೆಗೆ ಗಾಲಿಯನ್ನು ಮೆಲ್ಲಗೆ ಬಿಟ್ಟರು. ಅದು ತಿರುಗಿ ತಿರುಗಿ ನಿಧಾನವಾಗಿ, ನಿಲ್ಲುವ ಮೊದಲು ಆಚೆ ಈಚೆ ತೂಗಿತು.

"ತೊಟ್ಟಲಾ ತೂಗಿದಂಗ ತೂಗಿ ನಿಂದ್ರಬೇಕು. ಗಕ್ಕನ ನಿಂತ್ರ ಮತ್ತ ಬಿಚ್ಚೂದು."

ನಮ್ಮವರು ಮಾರುವ ಮಾತೆತ್ತಲಿಲ್ಲ. ಮಗಳಿಗೆ, "ನಾಳಿ ಹುಣ್ಣಿಮಿ. ಬಸ್ ನಿಂದ್ರೂದಿಲ್ಲ, ಸೈಕಲ್ ಮ್ಯಾಲ ಹೋಗು," ಅಂದರು. ಅಷ್ಟೇ. ಅವರ ಬಾಯಿಂದ ಅಷ್ಟು ಬಂದದ್ದೇ ನನಗೆ ದೊಡ್ಡದು.

ಅಂದಿನಿಂದ ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಹಬ್ ಬಿಚ್ಚಿಸುವುದು ನನ್ನ ವ್ರತವಾಯಿತು. ನಾನೇ ಹೋಗಿ ಕೂರುತ್ತಿದ್ದೆ. ಅಕ್ಕಾರ ಹೋಗಿ ತಂಗಿ ಆದೆ. ಮಗಳ ಕೊನೆಯ ವರ್ಷ ನೋಡಿದರೆ, ಕಾಕಾ ಅಚ್ಚನ್ನು ಹೊರಳಿಸುತ್ತಲೇ ಇದ್ದಾರೆ, ಬೆರಳು ಬದಲಿಸಿ ಮತ್ತೆ ಹೊರಳಿಸುತ್ತಾರೆ. ಸಕ್ಕರೆ ಕಾಯಿಲೆ ಬೆರಳನ್ನು ಮರಗಟ್ಟಿಸಿತ್ತು. ಕಿವಿ ಹೋದಾಗ ಕೈಯಿತ್ತು. ಈಗ ಕೈಯೂ ಹೋಗಿತ್ತು.

"ತಂಗಿ, ನಿನ್ನ ಕೈ ತಾ. ಏನ ಹೇಳತೈತಿ?"

"ಸಣ್ಣ ರವಾ ಐತ್ರಿ ಕಾಕಾ."

"ಹಂಗಾರ ಬಿಚ್ಚು. ನಾ ಹೇಳತೇನಿ, ನೀ ಮಾಡು."

ಅಂದು ಇಪ್ಪತ್ತು ಗುಂಡುಗಳನ್ನು ಕೂರಿಸಿದ್ದು ನಾನು. ರೊಟ್ಟಿ ಬಡಿಯುವ ಕೈಗೆ ಗ್ರೀಸು ಹತ್ತಿತು. ಗಾಲಿ ತೂಗಿ ನಿಂತಾಗ ಅವರು ತಲೆಯಾಡಿಸಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನ್ನ ಹತ್ತಿರ ಇನ್ನೊಂದಿಲ್ಲ.

ಮಗಳ ಓದು ಮುಗಿಯಿತು. ಈಗ ಗುಡ್ಡದ ಕೆಳಗಿನ ಒಂದು ಶಾಲೆಯಲ್ಲಿ ಕಲಿಸುತ್ತಾಳೆ, ಹೋಗುವುದು ಅದೇ ಸೈಕಲ್ ಮೇಲೆ. ಕಾಕಾ ಈ ವರ್ಷ ತೀರಿಕೊಂಡರು. ಸುದ್ದಿ ತಡವಾಗಿ ಬಂತು, ನಾನು ಅವರ ಮನೆಗೆ ಹೋದಾಗ ಬಂದವರೆಲ್ಲ ಹೋಗಿದ್ದರು. ನಮ್ಮ ಮನೆಯ ಹಿರಿಯರು ಆ ಓಣಿಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಕಾಕಾ ಅವರ ಹೆಂಡತಿ ಕಾಕೂ ಕೊಟ್ಟ ಚಹಾವನ್ನು ನಾನು ಕುಡಿದೆ. ಗೋಡೆಗೆ ಅವರ ಸೈಕಲ್ ಒರಗಿತ್ತು. ಸುಮ್ಮನೆ ಮುಂದಿನ ಗಾಲಿ ಎತ್ತಿ, ಕೈಯಿಟ್ಟು ತಿರುಗಿಸಿದೆ. ನುಚ್ಚು. ಊರಿನ ಗಾಲಿಗಳನ್ನೆಲ್ಲ ನುಣುಪು ಮಾಡಿದವರು ತಮ್ಮದನ್ನು ನೋಡಿಕೊಳ್ಳಲಾಗದೆ ಇದ್ದರು.

ಮರುದಿನ ಗ್ರೀಸು, ಗುಂಡು ತಗೊಂಡು ಹೋದೆ. ಕಾಕಾ ಬಳಸುತ್ತಿದ್ದ ಪಾನಾಗಳನ್ನು ಕಾಕೂ ತಂದಿಟ್ಟು ಪಕ್ಕದಲ್ಲಿ ಕೂತರು. ಬಿಚ್ಚಿದೆ, ತೊಳೆದೆ, ಬದಿಗೆ ಹತ್ತು ಎಣಿಸಿ ಕೂರಿಸಿದೆ, ಚೂರು ಜಾಗ ಬಿಟ್ಟೆ. ಗಾಲಿ ತೊಟ್ಟಿಲಿನಂತೆ ತೂಗಿ ನಿಂತಿತು. ನನ್ನ ಕೈ ಅಭ್ಯಾಸಬಲದಿಂದ ಸೆರಗಿನ ಗಂಟಿನಲ್ಲಿದ್ದ ಭಂಡಾರಕ್ಕೆ ಹೋಯಿತು, ಅಲ್ಲೇ ತಡೆದೆ. ಅದು ಅವರ ಮನೆಯ ಪದ್ಧತಿಯಲ್ಲ.

ಕಾಕೂ ನೋಡುತ್ತಿದ್ದರು. ಅಳುತ್ತಲೇ ಸಣ್ಣಗೆ ನಕ್ಕರು.

"ಹಚ್ಚ ತಂಗಿ. ಹಣಿಗೆ ಅಷ್ಟ."