ಭೀಮಶಾನ ಥಂಡಾಯಿ ಚೆಲ್ಲಿದ ಗೊಲ್ಲಾಳಪ್ಪ

ಬೆಳಗಿನ ಐದೂವರೆ. ಅಕ್ಕಲಕೋಟೆಯ ಈ ಹಳೆಯ ತಾಲೀಮಿನೊಳಗೆ, ಅಂದರೆ ಗರಡಿಮನೆಯೊಳಗೆ, ಇನ್ನೂ ಬೆಳಕು ಸರಿಯಾಗಿ ಇಳಿದಿಲ್ಲ. ಅರವತ್ತಮೂರು ವರ್ಷದ ಗೊಲ್ಲಾಳಪ್ಪ ಅಖಾಡದ ಕೆಂಪು ಮಣ್ಣಿನಲ್ಲಿ ಮೊಣಕಾಲೂರಿ ಕೂತಿದ್ದಾರೆ. ಬೊಗಸೆ ತುಂಬ ಮಣ್ಣೆತ್ತಿ ಬೆರಳ ಸಂದಿಯಿಂದ ಮೆಲ್ಲಗೆ ಸುರಿಯುತ್ತಾರೆ. ಉಳಿದ ಹರಳನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ, ಹೊರಗೆ ಎಸೆಯುತ್ತಾರೆ. ಮತ್ತೊಂದು ಬೊಗಸೆ. ಮುನ್ನೂರರವರೆಗೆ ಎಣಿಸಿದ ನಾನು ಕೈಬಿಟ್ಟೆ. ಅವರು ಬಿಡುವುದಿಲ್ಲ. ಗಾಜಿನ ಚೂರು, ಸೂಜಿ, ಮೊಳೆ, ಜಾಲಿಮುಳ್ಳು ಯಾವುದೂ ಪೈಲವಾನರ ಮೈಗೆ ತಾಗಬಾರದು.

ಹೊಸ್ತಿಲು ದಾಟಲು ಹೋದ ನನ್ನನ್ನು ಅಲ್ಲೇ ತಡೆಯುತ್ತಾರೆ.

"ಚಪ್ಪಲಿ ಹೊರಗ ಬಿಡ್ರಿ. ಚೀಲಾನೂ ಹೊರಗ. ಚೀಲದಾಗ ಏನೈತಿ?"

ನೋಟುಬುಕ್ಕು, ಪೆನ್ನು, ಅರ್ಧ ಡಜನ್ ಬಾಳೆಹಣ್ಣು.

"ಬಾಳಿಹಣ್ಣು ಯಾರ ಸಲುವಾಗಿ?"

ನಿಮಗೇ ಎನ್ನುತ್ತೇನೆ. ಅವರ ಹುಬ್ಬು ಗಂಟಾಗುತ್ತದೆ. "ಹೊರಗಿಂದು ನಾ ತಿನ್ನಂಗಿಲ್ರಿ. ನನ್ನ ಪೈಲವಾನ್ರಿಗೂ ಕೊಡಂಗಿಲ್ಲ. ಬೇಜಾರ ಆಗಬ್ಯಾಡ್ರಿ, ನಿಮ್ಮ ಗುರ್ತು ನನಗಿಲ್ಲ."

ಬೇಜಾರಾಗುವ ಹಕ್ಕು ನನಗೂ ಇಲ್ಲ. ನಾನೂ ಇವರನ್ನು ನಂಬಿ ಬಂದವನಲ್ಲ. ಸೊಲ್ಲಾಪುರದಿಂದ ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಮೈಂದರ್ಗಿಯ ಹಿರಿಯರೊಬ್ಬರು ನಾನು ಯಾರನ್ನು ನೋಡಲು ಹೊರಟಿದ್ದೇನೆಂದು ಕೇಳಿ ಮುಖ ತಿರುಗಿಸಿದ್ದರು. "ಆ ಗೊಲ್ಲಾಳನ? ಭೀಮಶಾ ಪೈಲವಾನನ್ನ ಮುಗಿಸಿದಾಂವ ಅಂವ. ಪೇಪರಿನ್ಯಾಗ ಹಾಕೂದಿದ್ರ ಅದನ್ನ ಹಾಕ್ರಿ." ಇದು ೧೯೭೬. ಅವರು ಹೇಳುತ್ತಿದ್ದ ಕುಸ್ತಿ ನಡೆದದ್ದು ೧೯೫೨ರಲ್ಲಿ.

ಗೊಲ್ಲಾಳಪ್ಪನವರ ಕೆಲಸಕ್ಕೆ ಇಂಥದೇ ಎಂಬ ಹೆಸರಿಲ್ಲ. ಹದಿನೆಂಟು ಅಡಿ ಉದ್ದಗಲದ ಅಖಾಡವನ್ನು ದಿನಾ ಅಗೆದು ಮೆತ್ತಗೆ ಮಾಡುತ್ತಾರೆ. ವಾರಕ್ಕೊಮ್ಮೆ ಅದಕ್ಕೆ ನಾಲ್ಕು ಸೇರು ಎಣ್ಣೆ, ಎರಡು ಕೊಡ ಮಜ್ಜಿಗೆ, ಅರಿಸಿನ, ನೂರು ನಿಂಬೆಹಣ್ಣಿನ ರಸ ಸೇರಿಸಿ ತುಳಿಯುತ್ತಾರೆ. ಹನ್ನೊಂದು ಮಂದಿ ಪೈಲವಾನರ ಮೈ ತಿಕ್ಕುತ್ತಾರೆ, ಒಬ್ಬೊಬ್ಬರಿಗೆ ಅರ್ಧ ತಾಸು. ಅವರು ಕುಡಿಯುವ ಹಾಲು, ಬಾದಾಮಿಯ ಥಂಡಾಯಿ ಎಲ್ಲವನ್ನೂ ಮೊದಲು ತಾವು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಕೊಡುತ್ತಾರೆ. ಸಂಶಯಪಡುವುದೇ ಅವರ ಕೆಲಸ ಎಂದರೂ ನಡೆಯುತ್ತದೆ.

ಮೈ ತಿಕ್ಕುತ್ತ ಹಳೆಯ ಪೈಲವಾನರ ಮಾತು ತೆಗೆದರೆ ಮಾತ್ರ ಆ ಗಂಟು ಹಾಕಿದ ಹುಬ್ಬು ಸಡಿಲಾಗುತ್ತದೆ. ಭಂಡಾರಕವಠೆಯ ಅಮೋಗಸಿದ್ಧ ಎದುರಾಳಿಯ ಮುಖವನ್ನೇ ನೋಡುತ್ತಿರಲಿಲ್ಲವಂತೆ, ಪಾದ ನೋಡುತ್ತಿದ್ದನಂತೆ. "ಬೀರೋಬಾ ದೇವರ ಭಂಡಾರದ ಅರಿಸಿಣ ಹಣಿಗಿ ಹಚಗೊಂಡು ಇಳದಾ ಅಂದ್ರ, ಹಲಗಿ ಬಾರಸಾಂವ ಬಾರಸೂದು ಮರತು ನಿಂದರತಿದ್ದ." ಮೈಂದರ್ಗಿಯ ಪೀರಪ್ಪ ತೊಡೆ ತಟ್ಟಿದರೆ ಬೇವಿನ ಮರದ ಗಿಳಿಗಳು ಎದ್ದು ಹೋಗುತ್ತಿದ್ದವಂತೆ. ಆದರೆ ಗೆದ್ದ ಮೇಲೆ ಅವನ ಧ್ವನಿಯೇ ಹೊರಡುತ್ತಿರಲಿಲ್ಲವಂತೆ, ಸೋತವನ ಬೆನ್ನಿನ ಮಣ್ಣು ತಾನೇ ಒರೆಸುತ್ತಿದ್ದನಂತೆ. "ಅವರ ಬೆನ್ನು ನನ್ನ ಅಂಗೈಗಿ ಇನ್ನೂ ಗುರ್ತ ಅದಾವ್ರಿ. ಕಣ್ಣು ಕಟ್ಟಿ ಬಿಡ್ರಿ, ಮುಟ್ಟಿ ಹೆಸರು ಹೇಳ್ತೀನಿ."

ಎಲ್ಲರಿಗಿಂತ ಯಾರು ಹೆಚ್ಚು ಎಂದು ಕೇಳಿದೆ. ಕೈ ನಿಂತಿತು.

"ಭೀಮಶಾ," ಅಂದರು. "ನಾಗಣಸೂರ ಭೀಮಶಾ. ಅದನ್ನ ಕೇಳಾಕ ಅಲ್ಲೇನ್ರಿ ನೀವು ಬಂದಿದ್ದು?"

ಸುಳ್ಳು ಹೇಳಲು ಆಗಲಿಲ್ಲ. ಹೌದೆಂದೆ.

ಆಗ ಇಪ್ಪತ್ತೆಂಟರ ಹರೆಯದ ಭೀಮಶಾ ಮೂರು ವರ್ಷ ಯಾರಿಗೂ ಬೆನ್ನು ಕೊಟ್ಟಿರಲಿಲ್ಲ. ಸೊಲ್ಲಾಪುರದಲ್ಲಿ ಟಿಕೀಟಿನ ಕುಸ್ತಿ. ಎದುರಿಗೆ ಜತ್ತದ ಕಡೆಯ ಒಬ್ಬ ಪೈಲವಾನ. ಚಾಟಿ ಗಲ್ಲಿಯ ಬಟ್ಟೆ ವ್ಯಾಪಾರಿ ಸಾತಲಿಂಗಪ್ಪ ಭೀಮಶಾನ ಅಭಿಮಾನಿ. ಪ್ರತಿ ಕುಸ್ತಿಯ ದಿನ ಅವರ ಮನೆಯಿಂದ ಥಂಡಾಯಿ ಬರುತ್ತಿತ್ತು. ಅಂದೂ ಬಂತು. ಗೊಲ್ಲಾಳಪ್ಪ ರೂಢಿಯಂತೆ ಗುಟುಕು ಕುಡಿದು ಕಾದರು.

"ನಾಲಗಿ ದಪ್ಪ ಆದಂಗಾತು. ತಲಿ ಹಗೂರಾತು. ಏನೋ ಐತಿ ಇದರಾಗ ಅಂತ ತಂಬಿಗಿ ತಗೊಂಡು ಹೋಗಿ ಮಣ್ಣಿಗಿ ಚೆಲ್ಲಿದೆ. ಸುತ್ತ ಐವತ್ತು ಮಂದಿ ನೋಡಾಕತ್ತಿದ್ರು."

ಹನ್ನೊಂದನೆಯ ಮಿನಿಟಿಗೆ ಭೀಮಶಾ ಚಿತ್ತಾದ. ಸಂಜೆಯೊಳಗೆ ಮಾತು ಹುಟ್ಟಿತು: ಪೈಲವಾನನನ್ನು ಹಸಿದ ಹೊಟ್ಟೆಯಲ್ಲಿ ಅಖಾಡಕ್ಕೆ ಇಳಿಸಿದ, ಜತ್ತದವರ ಕಡೆ ಸೇರಿಕೊಂಡ. ವಾರ ಕಳೆಯುವಷ್ಟರಲ್ಲಿ ಮಾತು ಬೆಳೆಯಿತು: ಚೆಲ್ಲಿದ್ದಲ್ಲ, ತಾನೇ ವಿಷ ಬೆರೆಸಿದ. ತಾಲೀಮಿನ ಪಂಚರು ಅವರನ್ನು ತೆಗೆದರು. ಮನೆಯ ಮೇಲೆ ಕಲ್ಲು ಬಿದ್ದವು. ಒಂಬತ್ತು ವರ್ಷ ಸೊಲ್ಲಾಪುರದ ಗಿರಣಿಯೊಂದರಲ್ಲಿ ಹತ್ತಿ ಮೂಟೆ ಹೊತ್ತರು.

ಅವರ ಹೆಂಡತಿ ಸಕ್ಕುಬಾಯಿ ಜೋಳ ಹಸನು ಮಾಡುತ್ತ ಹೇಳುವ ಮಾತು ಇನ್ನೂ ಕಷ್ಟದ್ದು. "ಮನಿಗಿ ಬಂದವರು ನನ್ನ ಕೈಯಾಗಿನ ಚಹಾ ಮುಟ್ಟತಿದ್ದಿಲ್ರಿ. ಈಗ ಆತು, ಆಮ್ಯಾಲ ಕುಡೀತೀವಿ ಅಂತ ಇಟ್ಟು ಹೋಗತಿದ್ರು. ನನ್ನ ತಂಗಿ ಸೈತ. ನನಗ ಒಂದು ಮಾತು ಹೇಳ್ರಿ, ಇವರು ವಿಷ ಹಾಕಿದ್ರು ಅಂತ ಹಿಡೀರಿ, ನಾ ಏನ ಮಾಡಿದ್ದೆ?"

೧೯೬೧ರಲ್ಲಿ ಒಬ್ಬ ಹುಡುಗನ ಮೊಣಕಾಲಿಗೆ ಮಣ್ಣಿನಲ್ಲಿದ್ದ ಗಾಜು ಹೊಕ್ಕಿತು. ಆಗಿನ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ಗೊಲ್ಲಾಳನನ್ನು ಕರೆಯದೆ ನಾನು ಅಖಾಡಕ್ಕೆ ಇಳಿಯುವುದಿಲ್ಲ ಎಂದು ಹಟ ಹಿಡಿದರು. ಪಂಚರು ಕರೆದರು. ಕ್ಷಮೆಯನ್ನೇನೂ ಕೇಳಲಿಲ್ಲ.

"ನಿಜವಾಗಿ ಅದರಲ್ಲಿ ಏನಿತ್ತು?" ಎಂದು ಕೇಳುತ್ತೇನೆ.

ಗೊಲ್ಲಾಳಪ್ಪ ಒಂದು ಹಿಡಿ ಮಣ್ಣೆತ್ತಿ ಹಿಸುಕುತ್ತಾರೆ. "ಅದ ನನಗೂ ಸಂಶಯ ಐತ್ರಿ, ನನ್ನ ನಾಲಗಿ ಮ್ಯಾಲ. ಕಹಿ ಬಾದಾಮಿ ಒಂದು ಕೂಡಿತ್ತೋ ಏನೋ. ಉಳದಿದ್ದನ್ನ ಮತ್ತೊಬ್ರಿಗೆ ತೋರಸಬೇಕಿತ್ತು, ಚೆಲ್ಲಿಬಿಟ್ಟೆ. ನನ್ನ ಹುಚ್ಚು ಸಂಶಯಕ್ಕ ಭೀಮಶಾ ಬಿದ್ದನೇನೋ ಅಂತ ದಿನಾ ಅನಸ್ತೈತಿ."

ಈ ಮಾತು ಕೇಳಿದ ಮೇಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಒಂದೇ ಕಥೆ ಹೇಳಿ ರೂಢಿಯಾದ ಮನುಷ್ಯ. ಹಾಗಾಗಿ ಗುರುವಾರ ಸೊಲ್ಲಾಪುರದ ಚಾಟಿ ಗಲ್ಲಿ ಹುಡುಕಿಕೊಂಡು ಹೋದೆ.

ಸಾತಲಿಂಗಪ್ಪ ತೀರಿಕೊಂಡು ಆರು ವರ್ಷ. ಅವರ ಹೆಂಡತಿ ನೀಲಗಂಗಾ ಅವರಿಗೆ ಅರವತ್ತು ದಾಟಿದೆ. ಥಂಡಾಯಿ ಎಂಬ ಶಬ್ದ ಕೇಳಿದೊಡನೆ ಸೊಸೆಯನ್ನು ಒಳಗೆ ಕಳಿಸಿದರು, ಬಾಗಿಲು ಮುಂದಕ್ಕೆಳೆದು ಮುಚ್ಚಿದರು.

"ಯಾರು ಕಳಿಸ್ಯಾರ ನಿಮ್ಮನ್ನ?"

"ಯಾರೂ ಇಲ್ಲ ತಾಯಿ. ನಾನೇ ಬಂದೆ."

"ಇಪ್ಪತ್ತನಾಕು ವರ್ಷದಾಗ ಯಾರೂ ಬಂದು ಕೇಳಿಲ್ಲ ನೋಡ್ರಿ. ಬಾದಾಮಿ ನಾನ ಅರದಿದ್ದೆ. ಯಾಲಕ್ಕಿ, ಖಸಖಸಿ, ಸಕ್ರಿ, ಎಲ್ಲಾ ನನ್ನ ಕೈದ. ಒಯ್ಯೂ ಮುಂದ ನನ್ನ ಮೈದುನ ಶಾಂತಪ್ಪ ಅದರಾಗ ಭಾಂಗ ಕೂಡಿಸಿದಾ. ನನಗ ಗೊತ್ತಿದ್ದಿಲ್ಲ. ಕುಸ್ತಿ ಮುಗದ ಮ್ಯಾಲ ಅವನ ಹೇಳಿದ. ಪೈಲವಾನ ಅಂಜಿದಂಗ ಕಾಣ್ತಾನ ವೈನಿ, ಧೈರ್ಯ ಬರಲಿ ಅಂತ ಹಾಕಿದ್ದೆ ಅಂದ."

ಮತ್ತೆ ಯಾಕೆ ಹೇಳಲಿಲ್ಲ? ಅವರು ಸೆರಗಿನ ತುದಿ ಹಿಡಿದು ತಿರುವುತ್ತಾರೆ. "ಪ್ಯಾಟ್ಯಾಗ ಮನಿ ಹೆಸರು ಇತ್ತಲ್ರಿ. ಬಾಯಿ ಮುಚ್ಚು ಅಂದ್ರು ನಮ್ಮ ಮನಿಯವರು. ಮುಚ್ಚಿದೆ. ಆ ಗೊಲ್ಲಾಳಪ್ಪನ ಹೇಣತಿ ಗಿರಣಿ ಮುಂದ ಬುತ್ತಿ ಹಿಡಕೊಂಡು ನಿಂತಿದ್ದನ್ನ ಎರಡು ಸಲ ನೋಡೀನಿ. ನೋಡಿ ದಾರಿ ಬದಲ ಮಾಡೀನಿ."

ಶಾಂತಪ್ಪನೂ ಈಗ ಬದುಕಿಲ್ಲ. ಧೈರ್ಯಕ್ಕೇ ಹಾಕಿದನೋ, ಬೇರೆ ಯಾವುದಕ್ಕೋ, ಕೇಳುವ ಹಾಗಿಲ್ಲ. ಆದರೆ ಒಂದಂತೂ ಸ್ಪಷ್ಟ: ಗೊಲ್ಲಾಳಪ್ಪನವರ ನಾಲಗೆ ತಪ್ಪು ಹೇಳಿರಲಿಲ್ಲ.

ಶನಿವಾರ ನಾಗಣಸೂರಿಗೆ ಹೋಗುತ್ತೇನೆ. ಐವತ್ತೆರಡರ ಭೀಮಶಾ ಈಗ ಕುರಿ ಸಾಕಿಕೊಂಡಿದ್ದಾರೆ. ಕಿವಿ ಮುದುಡಿ ಗಂಟಾಗಿವೆ, ಕತ್ತು ಇನ್ನೂ ಕಂಬದ ಹಾಗಿದೆ. ನಾನು ತಂದ ಸುದ್ದಿ ಕೇಳಿ ಅವರು ಬೆಚ್ಚುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕುರಿಯ ಕಾಲಿನ ಮುಳ್ಳು ತೆಗೆಯುತ್ತ ಕೂತರು. ಮಜ್ಜಿಗೆ ತಂದ ಅವರ ಹೆಂಡತಿ ಸುಗಲಾಬಾಯಿಯೇ ಮಾತು ತೆಗೆದರು.

"ಇನ್ನರ ಹೇಳ್ರಿ. ಎಷ್ಟ ದಿನ ಇಟಗೊಂಡು ಕೂಡ್ತೀರಿ?"

"ಹಸದ ಹೊಟ್ಟಿ ಅನ್ನೂದು ಸುಳ್ಳ ಐತ್ರಿ," ಎಂದರು ಭೀಮಶಾ. "ಮುಂಜಾನೆ ಎರಡು ಸೇರು ಹಾಲು ಕುಡದಿದ್ದೆ. ಮೈಯಾಗ ಕಸುವಿತ್ತು. ಜತ್ತದಾಂವ ಢಾಕ್ ಅನ್ನೂ ಪಟ್ಟು ಹಾಕಿದ, ಅದನ್ನ ಬಿಡಿಸೂ ತೋಡ ನನಗ ಗೊತ್ತಿದ್ದಿಲ್ಲ. ಎತ್ತಿ ಒಗದ. ಅಷ್ಟ. ಥಂಡಾಯಿ ಕುಡದಿದ್ರ ಮೂರ ಮಿನಿಟಿಗಿ ಬೀಳತಿದ್ದೆ, ಗೊಲ್ಲಾಳ ಉಳಿಸಿದಾ."

ಹಾಗಾದರೆ ಜನ ಮಾತಾಡುವಾಗ ಸುಮ್ಮನಿದ್ದದ್ದು ಯಾಕೆ?

"ನನ್ನ ನೋಡಾಕ ಗಾಡಿ ಕಟಗೊಂಡು ಮಂದಿ ಬಂದಿದ್ರು. ಹೊರಗ ಬಂದ್ರ ಎಲ್ಲಾರೂ ಅಳಾಕತ್ತಿದ್ರು, ನಿನಗ ಮೋಸ ಆತು ಭೀಮಶಾ ಅಂತ. ಮೋಸ ಆಗಿಲ್ಲ, ಸೋತೀನಿ ಅನ್ನಾಕ ಬಾಯಿ ಬರಲಿಲ್ಲ. ಆವತ್ತು ಬರಲಿಲ್ಲ, ಮರುದಿನಾನೂ ಬರಲಿಲ್ಲ. ಆಮ್ಯಾಲ ಅವನ ಮುಂದ ಯಾವ ಮಾರಿ ತಗೊಂಡು ನಿಂದರ್ಲಿ?"

ಅಭಿಮಾನಿಗಳಿಗೆ ತಮ್ಮ ಪೈಲವಾನ ಸೋಲುವುದಕ್ಕಿಂತ ಒಬ್ಬ ಮೋಸಗಾರ ಸಿಗುವುದು ಹಗುರವಾಗಿತ್ತು. ಸಿಕ್ಕವರು ಗೊಲ್ಲಾಳಪ್ಪ.

ನಾಳೆ ಬೆಳಿಗ್ಗೆ ತಾಲೀಮಿಗೆ ಹೋಗುತ್ತಿದ್ದೇನೆ ಎಂದಷ್ಟೇ ಹೇಳಿ ಎದ್ದೆ.

ಭಾನುವಾರ ಬೆಳಿಗ್ಗೆ ನೀಲಗಂಗಾ ಅವರ ಮಾತನ್ನು ತಿಳಿಸಿದಾಗ ಗೊಲ್ಲಾಳಪ್ಪ ಹಿಗ್ಗಲಿಲ್ಲ. ಸಲಿಕೆ ಹಿಡಿದು ನಿಂತೇ, "ಈಗ ಯಾಕ ಹೇಳಿದ್ರು ಅವರು? ಮತ್ತೇನರ ಬೇಕಾಗೇದೇನು?" ಎಂದರು. ಆಮೇಲೆ ಬೆನ್ನು ತಿರುಗಿಸಿ ಅಗೆಯತೊಡಗಿದರು. ನಾಲ್ಕು ಸಲಿಕೆ ಮಣ್ಣು ತಿರುವಿದವರು ನಿಂತರು. ರಟ್ಟೆಯಿಂದ ಕಣ್ಣು ಒರೆಸಿಕೊಂಡರು. "ಭಾಂಗ," ಎಂದರು ತಮ್ಮಷ್ಟಕ್ಕೆ. "ಭಾಂಗ ಇತ್ತು ಅದು."

ನಾಗಣಸೂರಿನ ಮೊದಲ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ದೊಡ್ಡದೊಂದು ಮೈ ಅಡ್ಡ ಬಂತು. ಸಪಾಟಿ, ಅಂದರೆ ದಂಡ-ಬಸ್ಕಿ, ಹೊಡೆಯುತ್ತಿದ್ದ ಹುಡುಗರು ನಿಂತುಬಿಟ್ಟರು. ಅವರಲ್ಲಿ ಯಾರೂ ಭೀಮಶಾನನ್ನು ನೋಡಿದವರಲ್ಲ, ಹೆಸರು ಕೇಳಿದವರು. ಗೊಲ್ಲಾಳಪ್ಪ ಮೊದಲು ನೋಡಿದ್ದು ನನ್ನ ಕಡೆಗೆ.

"ನೀವು ಕರಸೀರೇನು? ಫೋಟೋ ತಗ್ಯಾಕ?"

"ಯಾರೂ ಕರಸಿಲ್ಲೋ ಗೊಲ್ಲಾಳ," ಎಂದರು ಭೀಮಶಾ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದರು. ಹುಡುಗರ ಕಡೆ ತಿರುಗಿ, ನಡುನಡುವೆ ಉಸಿರು ಹಿಡಿಯುತ್ತ ಹೇಳಿದರು. "ತಮ್ಮಗೋಳ್ರ್ಯಾ, ನಾ ಭೀಮಶಾ. ಸೊಲ್ಲಾಪುರದ ಕುಸ್ತಿ ನಾ ಸೋತೀನಿ. ನನಗಿಂತ ಅಂವ ಚಲೋ ಇದ್ದ, ಅದಕ ಸೋತೀನಿ. ಇಂವ ಏನೂ ಮಾಡಿಲ್ಲ. ಇಂವ ನನ್ನ ಕಾಯ್ದಾನ. ಗೊತ್ತಿದ್ದೂ ಸುಮ್ಮ ಕೂತಾಂವ ನಾ."

ಗೊಲ್ಲಾಳಪ್ಪ ಸಲಿಕೆಯನ್ನು ಗೋಡೆಗೆ ಒರಗಿಸಿದರು. "ಇಪ್ಪತ್ತನಾಕು ವರ್ಷ ಹಿಡೀತೇನೋ ನಿನಗ, ನಾಗಣಸೂರದಿಂದ ಇಲ್ಲಿಗಿ ಬರಾಕ?" ಧ್ವನಿಯಲ್ಲಿ ಸಿಟ್ಟೇ ಇತ್ತು. "ಸಕ್ಕು ಮನ್ಯಾಗ ಅದಾಳ. ಚಹಾ ಕುಡದು ಬಾ ಹೋಗು. ಮೊದಲ ಅಕಿಗಿ ಹೇಳು," ಎಂದರು.

ಭೀಮಶಾ ಹೋದರು. ಒಳಗೆ ಏನು ಮಾತಾಯಿತೋ ನಾನು ಕೇಳಿಲ್ಲ. ತಿರುಗಿ ಬಂದಾಗ ಅವರ ಮೀಸೆಗೆ ಚಹಾ ಅಂಟಿತ್ತು.

ಗೊಲ್ಲಾಳಪ್ಪ ಹನ್ನೊಂದು ಜನರ ಮೈ ತಿಕ್ಕಿ ಮುಗಿಸಿ ಕೈ ತೊಳೆಯುತ್ತಾರೆ. ಇನ್ನು ಮೇಲಾದರೂ ಊರು ನಿಮ್ಮನ್ನು ನಂಬಬಹುದು ಎಂದರೆ, "ನಂಬಿದ್ರ ನಂಬಲಿ, ಬಿಟ್ರ ಬಿಡ್ಲಿ. ನಾ ಊರನ್ನ ನಂಬಂಗಿಲ್ಲ," ಎನ್ನುತ್ತಾರೆ. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಅವರು ನನ್ನ ನೋಟುಬುಕ್ಕನ್ನು ಬೆರಳಿನಿಂದ ತೋರಿಸುತ್ತಾರೆ.

"ನಂದು ಭಾಳ ಬರೀಬ್ಯಾಡ್ರಿ. ಜತ್ತದಾಂವನ ಹೆಸರು ಬರೀರಿ. ವಿಷ, ಭಾಂಗ, ಗೊಲ್ಲಾಳ, ಬರೀ ಇದ ಮಾತಾಡಿ ಗೆದ್ದಾಂವನ್ನ ಎಲ್ಲಾರೂ ಮರತಬಿಟ್ರು. ಢಾಕ್ ಅಂದ್ರ ಅವಂದ ಢಾಕ್. ಅಂಥಾದು ಮತ್ತ ನಾ ನೋಡಿಲ್ಲ."

ಪುಟಗಳನ್ನು ತಿರುವುತ್ತೇನೆ. ಮೂರು ಊರು ತಿರುಗಿದರೂ ಆ ಹೆಸರನ್ನು ನಾನೂ ಯಾರನ್ನೂ ಕೇಳಿಲ್ಲ.

"ಕಲ್ಯಾಣಪ್ಪ ಅಂತ್ರಿ," ಎನ್ನುತ್ತಾರೆ ಗೊಲ್ಲಾಳಪ್ಪ. "ಕಲ್ಯಾಣಪ್ಪ ಪೈಲವಾನ. ಬರಕೋರಿ."